ಕ್ರೂಸ್ ಹತ್ತುವ ಮುನ್ನ: ಯಾವ ಕಾಗದ, ಯಾವ ವೀಸಾ, ಎಷ್ಟು ಎಂಟ್ರಿ

ಕ್ರೂಸ್ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾದ ಮೇಲೆ ಮೊದಲು ತರಿಸಿಕೊಳ್ಳಬೇಕಾದದ್ದು ಹಡಗು ನಿಲ್ಲುವ ಬಂದರುಗಳ ಪಟ್ಟಿ. ಯಾವ ದಿನ ಯಾವ ಬಂದರು ಎಂಬುದನ್ನು ಒಂದು ಹಾಳೆಯ ಮೇಲೆ ವರಸೆಯಾಗಿ ಬರೆದು, ಪಕ್ಕದಲ್ಲಿ ಆಯಾ ದೇಶದ ಹೆಸರು ಬರೆಯಿರಿ. ವಿಮಾನ ಇಳಿಯುವ ಊರು, ನಡುವೆ ವಿಮಾನ ಬದಲಿಸುವ ಊರು, ವಾಪಸ್ ಹೊರಡುವ ಊರು ಇವನ್ನೂ ಸೇರಿಸಿ. ಆಮೇಲೆ ಒಂದೊಂದು ದೇಶದೊಳಕ್ಕೂ ಎಷ್ಟು ಸಲ ಕಾಲಿಡುತ್ತೀರಿ ಎಂದು ಎಣಿಸಿ. ಭಾರತೀಯ ಪಾಸ್‌ಪೋರ್ಟ್ ಇರುವವರ ಗೊಂದಲ ಬಹುಪಾಲು ಈ ಎಣಿಕೆಯಲ್ಲೇ ಬಗೆಹರಿಯುತ್ತದೆ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹಡಗು ಹತ್ತುವ ಟರ್ಮಿನಲ್‌ನಲ್ಲೇ, ಮುಂದಿನ ಎಲ್ಲ ಬಂದರುಗಳಿಗೂ ಬೇಕಾದ ಕಾಗದ ನಿಮ್ಮ ಹತ್ತಿರ ಇದೆಯೇ ಎಂದು ನೋಡುತ್ತಾರೆ. ಒಂದು ದೇಶದ ವೀಸಾ ಇಲ್ಲದಿದ್ದರೂ ಹತ್ತಿಸುವುದಿಲ್ಲ. ವೀಸಾ ಇಲ್ಲದವರನ್ನು ಕರೆದುಕೊಂಡು ಹೋದರೆ ದಂಡ ಬೀಳುವುದು ಹಡಗಿನ ಕಂಪನಿಗೆ, ಹಾಗಾಗಿ ಕೌಂಟರಿನಲ್ಲಿ ಎಷ್ಟು ಕೇಳಿಕೊಂಡರೂ ನಡೆಯದು. ಕಟ್ಟಿದ ಹಣವೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ‘ಆ ಊರಿನಲ್ಲಿ ಇಳಿಯುವುದೇ ಇಲ್ಲ, ಹಡಗಿನಲ್ಲೇ ಇರುತ್ತೇವೆ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಆ ಬಂದರಿಗೆ ಇಳಿಯದವರಿಗೂ ವೀಸಾ ಬೇಕೇ ಎಂದು ಕಂಪನಿಗೆ ಇಮೇಲ್ ಬರೆದು, ಉತ್ತರವನ್ನು ಪ್ರಿಂಟ್ ಹಾಕಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್ ಮತ್ತು ಹೆಸರು

ಹಡಗಿನಿಂದ ಕೊನೆಗೆ ಇಳಿಯುವ ದಿನದಿಂದ ಲೆಕ್ಕ ಹಾಕಿದರೆ ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳು ಅವಧಿ ಇರಬೇಕು. ಹೊರಡುವ ದಿನದಿಂದ ಎಣಿಸಬೇಡಿ. ಖಾಲಿ ಪುಟ ಕನಿಷ್ಠ ಎರಡಿರಲಿ, ಬಂದರು ಹೆಚ್ಚಿದ್ದರೆ ನಾಲ್ಕು. ದೊಡ್ಡವರ ಪಾಸ್‌ಪೋರ್ಟ್ 10 ವರ್ಷದ್ದು, ಚಿಕ್ಕ ಮಕ್ಕಳದ್ದು 5 ವರ್ಷದ್ದು. ಅಪ್ಪ-ಅಮ್ಮನದನ್ನು ನೋಡಿ ಸುಮ್ಮನಾಗಿ, ಮಗುವಿನ ಪಾಸ್‌ಪೋರ್ಟ್ ಮುಗಿಯುತ್ತಾ ಬಂದಿದ್ದನ್ನು ಗಮನಿಸದೆ ಸಿಕ್ಕಿಬೀಳುವುದು ತುಂಬ ಸಾಮಾನ್ಯ. ಅವಧಿ ಮುಗಿಯಲು ಒಂದು ವರ್ಷವಿರುವಾಗಲೇ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು, ಆದ್ದರಿಂದ ಮೊದಲು ಆ ಕೆಲಸ ಮುಗಿಸಿ ಆಮೇಲೆ ವೀಸಾಕ್ಕೆ ಹೋಗಿ. ಇ-ವೀಸಾ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತದೆ. ಪಾಸ್‌ಪೋರ್ಟ್ ಬದಲಾದರೆ ವೀಸಾ ಕೆಲಸಕ್ಕೆ ಬಾರದೆ ಹೋಗಬಹುದು. ಹಳೆಯ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಮಾತ್ರ ಹಳೆಯದು, ಹೊಸದು ಎರಡನ್ನೂ ಒಯ್ದರೆ ಸಾಕು.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಆಧಾರ್‌ನಲ್ಲಿ ‘ಶಿವಕುಮಾರ್ ಬಿ’, ಪಾಸ್‌ಪೋರ್ಟ್‌ನಲ್ಲಿ ‘ಶಿವಕುಮಾರ್ ಬಸವರಾಜ್’, ಬ್ಯಾಂಕಿನಲ್ಲಿ ‘ಬಿ. ಶಿವಕುಮಾರ್’ ಎಂದು ಒಬ್ಬರಿಗೇ ಮೂರು ರೂಪ. ವಿದೇಶದ ಕ್ರೂಸ್ ಆದರೆ ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟವನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಬುಕಿಂಗ್‌ನಲ್ಲಿ ತುಂಬಿಸಿ. ಏಜೆಂಟರಿಗೆ ಫೋನಿನಲ್ಲಿ ಹೆಸರು ಹೇಳಬೇಡಿ, ಆ ಪುಟದ ಫೋಟೋ ಕಳಿಸಿ.

ಸರ್‌ನೇಮ್ ಕಾಲಂ ಖಾಲಿ ಇರುವ ಪಾಸ್‌ಪೋರ್ಟ್ ನಮ್ಮ ಹಿರಿಯರಲ್ಲಿ ಬೇಕಾದಷ್ಟಿವೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಅದು ತಪ್ಪಲ್ಲ, ಆದರೆ ಕ್ರೂಸ್ ಬುಕಿಂಗ್‌ನಲ್ಲಿ ಹೇಗೆ ಬರೆಯಬೇಕೆಂದು ಕಂಪನಿಯನ್ನು ಕೇಳಿಯೇ ತುಂಬಿಸಿ. ದುಬೈಯಿಂದ ಹೊರಡುವ ಕ್ರೂಸ್ ಆದರೆ ವಿಷಯ ಇನ್ನೂ ಗಂಭೀರ. 2022ರ ನವೆಂಬರ್‌ನಿಂದ, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಯುಎಇ ಟೂರಿಸ್ಟ್ ವೀಸಾದಲ್ಲಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿದ್ದರೆ ಒಪ್ಪುತ್ತಾರೆ. ಅಜ್ಜಿ-ತಾತಂದಿರನ್ನು ಕರೆದೊಯ್ಯುವವರು ಇದನ್ನು ಬುಕಿಂಗ್‌ಗೆ ಮೊದಲೇ ನೋಡಿಕೊಳ್ಳಿ. ಪಾಸ್‌ಪೋರ್ಟ್‌ಗೆ ಸರ್‌ನೇಮ್ ಸೇರಿಸುವುದಾದರೆ ರೀ-ಇಶ್ಯೂ ಮಾಡಿಸಬೇಕು, ಅದು ಹೊರಡುವ ವಾರದ ಕೆಲಸವಲ್ಲ.

ಸಿಂಗಪುರದಿಂದ ಹೊರಡುವ ಕ್ರೂಸ್

ಬೆಂಗಳೂರಿನಿಂದ ವಿಮಾನದಲ್ಲಿ ಸಿಂಗಪುರ, ಅಲ್ಲಿಂದ ಹಡಗಿನಲ್ಲಿ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್, ಮತ್ತೆ ಸಿಂಗಪುರ. ಎಣಿಸಿ ನೋಡಿ: ವಿಮಾನದಲ್ಲಿ ಇಳಿದಾಗ ಒಂದು ಎಂಟ್ರಿ, ಹಡಗಿನಿಂದ ವಾಪಸ್ ಇಳಿದಾಗ ಇನ್ನೊಂದು. ಸಿಂಗಲ್ ಎಂಟ್ರಿ ವೀಸಾ ಸಾಲದು. ಸಿಂಗಪುರದ ಇ-ವೀಸಾವನ್ನು ಅಧಿಕೃತ ಏಜೆಂಟರ ಮೂಲಕ, ಅಲ್ಲಿಗೆ ತಲುಪುವ ದಿನಕ್ಕೆ 30 ದಿನ ಇರುವಾಗಿನಿಂದ ಹಾಕಬಹುದು. ಅರ್ಜಿ ಕೊಡುವಾಗ ಕ್ರೂಸ್ ಬುಕಿಂಗ್ ಪ್ರತಿ ಲಗತ್ತಿಸಿ, ಮಲ್ಟಿಪಲ್ ಎಂಟ್ರಿ ಬೇಕೆಂದು ಏಜೆಂಟರಿಗೆ ಬರಹದಲ್ಲಿ ತಿಳಿಸಿ. ವೀಸಾ ಬಂದ ದಿನವೇ ಪಿಡಿಎಫ್ ತೆರೆದು ಎಂಟ್ರಿ ಎಷ್ಟು ಎಂಬ ಸಾಲು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನಾಂಕ ಈ ಮೂರನ್ನೂ ತಾಳೆ ನೋಡಿ. ತಪ್ಪಿದ್ದರೆ ತಿದ್ದಿಸಲು ಆಗ ಇನ್ನೂ ಸಮಯವಿರುತ್ತದೆ.

ಎಸ್‌ಜಿ ಅರೈವಲ್ ಕಾರ್ಡ್ ವೀಸಾ ಅಲ್ಲ, ಸಿಂಗಪುರಕ್ಕೆ ಬರುವವರು ತುಂಬಬೇಕಾದ ಬೇರೆಯದೇ ಫಾರಂ. ತಲುಪುವುದಕ್ಕೆ ಮುಂಚಿನ 3 ದಿನಗಳಲ್ಲಿ ಆನ್‌ಲೈನ್‌ನಲ್ಲಿ ತುಂಬಬೇಕು, ಶುಲ್ಕವಿಲ್ಲ. ಹಣ ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಬಹಳ ಜನ ಮರೆಯುವುದು ಎರಡನೆಯ ಕಾರ್ಡನ್ನು. ಹಡಗಿನಿಂದ ಸಿಂಗಪುರಕ್ಕೆ ಮರಳುವಾಗ ಹೊಸದಾಗಿ ತುಂಬಬೇಕು, ಪ್ರಯಾಣದ ವಿಧದಲ್ಲಿ ಸಮುದ್ರಮಾರ್ಗ ಆರಿಸಿ ಹಡಗಿನ ಹೆಸರು ಹಾಕಬೇಕು. ಹಡಗಿನ ವೈಫೈ ದುಬಾರಿ ಮತ್ತು ನಿಧಾನ. ನಡುವಿನ ಬಂದರಿನಲ್ಲಿ ಇಳಿದಾಗಲೇ ಮೊಬೈಲ್ ನೆಟ್‌ವರ್ಕ್‌ನಲ್ಲಿ ಮುಗಿಸಿಬಿಡಿ. ಮಲೇಷ್ಯಾಕ್ಕೂ ಥಾಯ್ಲೆಂಡ್‌ಗೂ ಇದೇ ಬಗೆಯ ಉಚಿತ ಡಿಜಿಟಲ್ ಕಾರ್ಡ್‌ಗಳಿವೆ. ಮಲೇಷ್ಯಾ 2023ರ ಡಿಸೆಂಬರ್‌ನಿಂದ, ಥಾಯ್ಲೆಂಡ್ 2023ರ ನವೆಂಬರ್‌ನಿಂದ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟವು. ಇಂಥ ವಿನಾಯಿತಿಗಳು ಬದಲಾಗುತ್ತಲೇ ಇರುತ್ತವೆ. ಕಳೆದ ವರ್ಷ ಹೋಗಿಬಂದವರ ಮಾತು ಕೇಳಿ ಕೂರದೆ, ಬುಕ್ ಮಾಡುವಾಗೊಮ್ಮೆ, ಹೊರಡುವ ಮೊದಲೊಮ್ಮೆ ಆಯಾ ದೇಶದ ಸರ್ಕಾರಿ ತಾಣದಲ್ಲಿ ನೋಡಿ.

ಯೂರೋಪ್

ಬಾರ್ಸಿಲೋನಾ, ಮಾರ್ಸೇ, ಜಿನೋವಾ, ನೇಪಲ್ಸ್ ಸುತ್ತಿ ಬಾರ್ಸಿಲೋನಾಕ್ಕೆ ಮರಳುವ ಕ್ರೂಸ್ ಪೂರ್ತಿ ಶೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗೇ ನಡೆಯುತ್ತದೆ, ಒಂದು ಎಂಟ್ರಿ ಸಾಕು. ನಡುವೆ ಟರ್ಕಿಯ ಕುಶಾದಸಿಯೋ ಮಾಂಟೆನೆಗ್ರೋದ ಕೋಟರೋ ಬಂದರೆ ಶೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತಾಯಿತು, ಆಗ ಮಲ್ಟಿಪಲ್ ಬೇಕು. ಕ್ರೊಯೇಷ್ಯಾ 2023ರಲ್ಲಿ ಶೆಂಗೆನ್ ಸೇರಿದೆ, ಹಳೆಯ ಬರಹಗಳನ್ನು ಓದಿ ದುಬ್ರೋವ್ನಿಕ್‌ಗೆ ಬೇರೆ ವೀಸಾ ಹುಡುಕಬೇಡಿ. ಸೌತಾಂಪ್ಟನ್‌ನಿಂದ ಹೊರಡುವ ಹಡಗಾದರೆ ಬ್ರಿಟನ್ ವೀಸಾ ಒಂದು, ಶೆಂಗೆನ್ ಇನ್ನೊಂದು, ಎರಡೂ ಬೇಕು.

ಅರ್ಜಿ ಯಾವ ದೇಶಕ್ಕೆ? ಹೆಚ್ಚು ದಿನ ಇರುವ ದೇಶಕ್ಕೆ, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಕ್ರೂಸ್‌ನಲ್ಲಿ ಪ್ರತಿ ಬಂದರಿನಲ್ಲೂ ಒಂದೊಂದೇ ದಿನ ಇರುವುದರಿಂದ, ಹಡಗಿಗೆ ಮೊದಲು ಮತ್ತು ನಂತರ ಹೋಟೆಲಿನಲ್ಲಿ ಉಳಿಯುವ ರಾತ್ರಿಗಳೇ ಸಾಮಾನ್ಯವಾಗಿ ಇದನ್ನು ನಿರ್ಧರಿಸುತ್ತವೆ. ಎಲ್ಲ ಪ್ರಯಾಣಿಕರ ಹೆಸರು, ಹಡಗಿನ ಹೆಸರು, ಬಂದರು ಮತ್ತು ದಿನಾಂಕ ಇರುವ ದೃಢೀಕರಣ ಪತ್ರವನ್ನು ಕಂಪನಿಯಿಂದ ಪಡೆದು ಅರ್ಜಿಗೆ ಸೇರಿಸಿ. ಬರೀ ಹಣ ಕಟ್ಟಿದ ರಸೀದಿ ಕೊಟ್ಟರೆ ವೀಸಾ ಕಚೇರಿಯವರಿಗೆ ಏನೂ ಗೊತ್ತಾಗುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು, ಶೆಂಗೆನ್‌ನಲ್ಲಿರುವ ಎಲ್ಲ ದಿನಗಳಿಗೂ ಅನ್ವಯಿಸಬೇಕು. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ನಿರ್ಧಾರಕ್ಕೆ 15 ದಿನ ಎಂದಿದ್ದರೂ 45 ದಿನದವರೆಗೆ ಎಳೆಯಬಹುದು, ಅದಲ್ಲದೆ ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಸ್ಟಿಕರ್‌ನಲ್ಲಿ ಎಂಟ್ರಿ ಜಾಗ ನೋಡಿ: 01 ಎಂದಿದ್ದರೆ ಒಂದೇ ಸಲ, ‘ಮಲ್ಟ್’ ಎಂದಿದ್ದರೆ ಹಲವು ಸಲ.

ಅಮೆರಿಕದಲ್ಲಿರುವ ಮಕ್ಕಳ ಜೊತೆ ಹೋಗುವವರಿಗೆ

ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ಸುತ್ತಿ ಸಿಯಾಟಲ್‌ಗೇ ಮರಳುವ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುವುದುಂಟು. ಬೇರೆ ದೇಶದ ಬಾವುಟವಿರುವ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಎಂಬ 1886ರ ಕಾನೂನು ಇದಕ್ಕೆ ಕಾರಣ. ಹಾಗಾಗಿ ಬಿ-2 ಎಂಬ ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಕೆನಡಾದ ವಿಸಿಟರ್ ವೀಸಾ ಕೂಡ ಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಆ ವೀಸಾ ಬೇಡ, ಆದರೆ ಕಾರ್ಡಿನ ಜೊತೆ ಭಾರತೀಯ ಪಾಸ್‌ಪೋರ್ಟ್ ಇರಲೇಬೇಕು. ಮೆಕ್ಸಿಕೋಕ್ಕೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಸಾಕು. ಹುಟ್ಟಿದ ಪ್ರಮಾಣಪತ್ರ ತೋರಿಸಿ ಹಡಗು ಹತ್ತುವ ಸೌಲಭ್ಯ ಅಮೆರಿಕದ ಪ್ರಜೆಗಳಿಗೆ ಮಾತ್ರ.

ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಇದ್ದು ಪಾಸ್‌ಪೋರ್ಟ್‌ನ ಸ್ಟಾಂಪಿಂಗ್ ಅವಧಿ ಮುಗಿದಿರುವವರು ಇಲ್ಲಿ ಎಚ್ಚರವಾಗಿರಬೇಕು. ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತಿಳಿಸುವ ದಾಖಲೆ) ಚಾಲ್ತಿಯಲ್ಲಿದ್ದರೆ, ಕೆನಡಾ ಅಥವಾ ಮೆಕ್ಸಿಕೋಕ್ಕೆ 30 ದಿನದೊಳಗೆ ಹೋಗಿಬರಲು ಅವಧಿ ಮುಗಿದ ವೀಸಾದಲ್ಲೇ ಮರಳಿ ಬರಲು ಬಿಡುವ ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ನಿಯಮದ ಅನುಕೂಲವಿದೆ. ಅದು ಬಹಾಮಾಸ್‌ನಂಥ ದ್ವೀಪಗಳಿಗೆ ಎಚ್ ವೀಸಾದವರಿಗೆ ಅನ್ವಯಿಸುವುದಿಲ್ಲ, ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ ಕ್ಯೂಬಾ ಬಿಟ್ಟು ಹತ್ತಿರದ ದ್ವೀಪಗಳಿಗೂ ಉಂಟು. ಮಯಾಮಿಯಿಂದ ಮೂರು ದಿನದ ಕ್ರೂಸ್ ಎಂದು ಹಗುರವಾಗಿ ತೆಗೆದುಕೊಂಡರೆ ಮರಳಿ ಬರುವುದೇ ಕಷ್ಟವಾಗಬಹುದು. ಇಂಥ ಸ್ಥಿತಿಯಲ್ಲಿ ಇರುವವರು ಇಮಿಗ್ರೇಷನ್ ವಕೀಲರನ್ನು ಕೇಳದೆ ಬುಕ್ ಮಾಡಬೇಡಿ.

ದೇಶದೊಳಗಿನ ಕ್ರೂಸ್

ಮುಂಬೈ, ಗೋವಾ, ಕೊಚ್ಚಿ ನಡುವಿನ ಹಡಗಿಗೆ ಪಾಸ್‌ಪೋರ್ಟ್ ಬೇಡ. ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್ ಇವುಗಳಲ್ಲಿ ಒಂದರ ಮೂಲಪ್ರತಿ ಸಾಕು. ಪ್ಯಾನ್ ಕಾರ್ಡನ್ನೋ ಮೊಬೈಲ್‌ನಲ್ಲಿರುವ ಫೋಟೋವನ್ನೋ ನಂಬಿ ಹೋಗಬೇಡಿ. ಲಕ್ಷದ್ವೀಪ ಸೇರಿದ್ದರೆ ಪ್ರವೇಶ ಪರವಾನಗಿ ಬೇಕು. ಪ್ಯಾಕೇಜಿನಲ್ಲಿ ಅದನ್ನು ಕಂಪನಿಯೇ ಮಾಡಿಸುತ್ತದೆ, ಆದರೆ ಅವರು ಕೇಳಿದ ಗುರುತಿನ ಚೀಟಿಯ ಪ್ರತಿ ಮತ್ತು ಫೋಟೋಗಳನ್ನು ಹೇಳಿದ ಗಡುವಿನೊಳಗೆ ಕಳಿಸುವುದು ನಿಮ್ಮ ಜವಾಬ್ದಾರಿ.

ಮಕ್ಕಳು, ಗರ್ಭಿಣಿಯರು, ಔಷಧಿ

ಮಗು ಒಬ್ಬರೇ ಪೋಷಕರ ಜೊತೆಗೋ ಅಜ್ಜ-ಅಜ್ಜಿಯ ಜೊತೆಗೋ ಹೊರಟಿದ್ದರೆ, ಬಾರದಿರುವ ಪೋಷಕರ ಒಪ್ಪಿಗೆ ಪತ್ರವನ್ನು ಇಂಗ್ಲಿಷ್‌ನಲ್ಲಿ ಬರೆಸಿ ನೋಟರಿ ಮಾಡಿಸಿ. ಹಡಗಿನ ಹೆಸರು, ದಿನಾಂಕ, ಮಗುವಿನ ಪಾಸ್‌ಪೋರ್ಟ್ ನಂಬರು ಅದರಲ್ಲಿರಲಿ. ಜನನ ಪ್ರಮಾಣಪತ್ರದ ಪ್ರತಿಯೂ ಜೊತೆಗಿರಲಿ. ಹೆಚ್ಚಿನ ಕಂಪನಿಗಳು 6 ತಿಂಗಳಿಗಿಂತ ಚಿಕ್ಕ ಕೂಸನ್ನು ಹತ್ತಿಸುವುದಿಲ್ಲ, ದಿನಗಟ್ಟಲೆ ಸಮುದ್ರದಲ್ಲೇ ಸಾಗುವ ಯಾನಕ್ಕೆ 12 ತಿಂಗಳು ತುಂಬಿರಬೇಕು. ಪ್ರಯಾಣ ಮುಗಿಯುವುದರೊಳಗೆ 24ನೇ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನೂ ಹತ್ತಿಸುವುದಿಲ್ಲ. ಅದಕ್ಕಿಂತ ಮೊದಲಿನವರು ಎಷ್ಟು ವಾರ ಎಂಬುದನ್ನು ಬರೆದಿರುವ ವೈದ್ಯರ ಪತ್ರ ಒಯ್ಯಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಔಷಧಿಯ ರಾಸಾಯನಿಕ ಹೆಸರಿರುವ ಚೀಟಿ ಇರಲಿ. ಕೀನ್ಯಾ, ಬ್ರೆಜಿಲ್‌ನಂಥ ಕಡೆ ಹಡಗು ನಿಂತರೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಬೇಕು, ಲಸಿಕೆ ಹಾಕಿಸಿದ 10 ದಿನದ ನಂತರವೇ ಅದು ಊರ್ಜಿತ. ಅದಿಲ್ಲದೆ ಭಾರತಕ್ಕೆ ಮರಳಿದರೆ ಕ್ವಾರಂಟೈನ್‌ಗೆ ಹಾಕಬಹುದು.

ಹತ್ತುವ ದಿನ

ಆನ್‌ಲೈನ್ ಚೆಕ್-ಇನ್ ಮುಗಿಸಿ ಬೋರ್ಡಿಂಗ್ ಪಾಸ್ ಮತ್ತು ಲಗೇಜ್ ಟ್ಯಾಗ್‌ಗಳ ಪ್ರಿಂಟ್ ತೆಗೆದುಕೊಳ್ಳಿ. ದೊಡ್ಡ ಸೂಟ್‌ಕೇಸ್‌ಗಳನ್ನು ಟರ್ಮಿನಲ್ ಬಾಗಿಲಲ್ಲೇ ಪೋರ್ಟರುಗಳು ತೆಗೆದುಕೊಂಡು ಹೋಗುತ್ತಾರೆ. ಅವು ಕೋಣೆಗೆ ಬರುವುದು ಸಂಜೆಗೆ. ಪಾಸ್‌ಪೋರ್ಟ್ ಅದರಲ್ಲಿ ಸೇರಿಹೋದರೆ ಕೌಂಟರಿನ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಪಾಸ್‌ಪೋರ್ಟ್, ವೀಸಾ ಪ್ರಿಂಟ್, ವಿಮೆ, ಒಪ್ಪಿಗೆ ಪತ್ರ, ಮಾತ್ರೆ ಎಲ್ಲವೂ ಹೆಗಲಿಗೆ ಹಾಕುವ ಚೀಲದಲ್ಲೇ ಇರಲಿ. ಮನೆಯವರೆಲ್ಲರ ಕಾಗದ ಒಂದೇ ಕವರಿನಲ್ಲಿ ತುಂಬದೆ ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಫೋಲ್ಡರ್ ಮಾಡಿ.

ಕೆಲವು ಯಾನಗಳಲ್ಲಿ ಇಮಿಗ್ರೇಷನ್ ಕೆಲಸಕ್ಕೆಂದು ಹಡಗಿನವರೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ, ಗಾಬರಿ ಬೇಡ. ಆದರೆ ಅದಕ್ಕೆ ಮೊದಲೇ ಫೋಟೋ ಪುಟ, ಕೊನೆಯ ಪುಟ, ವೀಸಾ ಇವುಗಳ ಎರಡೆರಡು ಜೆರಾಕ್ಸ್ ನಿಮ್ಮ ಬಳಿ ಇರಬೇಕು. ಬಂದರಿನಲ್ಲಿ ಇಳಿದು ಸುತ್ತಲು ಹಡಗಿನ ಕಾರ್ಡ್, ಒಂದು ಫೋಟೋ ಐಡಿ, ಒಂದು ಜೆರಾಕ್ಸ್ ಸಾಮಾನ್ಯವಾಗಿ ಸಾಕು. ಆ ಊರಿನಲ್ಲಿ ಅಸಲಿ ಪಾಸ್‌ಪೋರ್ಟ್ ಬೇಕೇ ಎಂಬುದನ್ನು ಹಿಂದಿನ ರಾತ್ರಿ ಕೋಣೆಗೆ ಬರುವ ಹಾಳೆಯಲ್ಲೋ ಆ್ಯಪ್‌ನಲ್ಲೋ ತಿಳಿಸಿರುತ್ತಾರೆ. ಬೇಡವೆಂದಿದ್ದರೆ ಕೋಣೆಯ ಲಾಕರಿನಲ್ಲೇ ಬಿಡಿ. ದಡದಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಹಡಗಿನ ಬಂದರು ಏಜೆಂಟರಿಗೆ ಫೋನ್ ಮಾಡಿ, ಆಮೇಲೆ ಪೊಲೀಸ್ ದೂರು, ನಂತರ ಭಾರತೀಯ ರಾಯಭಾರ ಕಚೇರಿ. ಅಲ್ಲಿ ತುರ್ತಾಗಿ ಸಿಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳಲು ಮಾತ್ರ, ಅದನ್ನಿಟ್ಟುಕೊಂಡು ಮುಂದಿನ ಬಂದರಿನಲ್ಲಿ ಹಡಗು ಹಿಡಿಯಲು ಆಗುವುದಿಲ್ಲ.