ಹಂಪ್ ಬೇಡುವ ಮುನ್ನ ಒಂದು ಹಾಳೆ, ಒಂದು ಟೇಪು

ಅಪಘಾತವಾದ ಮರುದಿನ ಊರ ಮಂದಿ ರಸ್ತೆಗೆ ಕಲ್ಲು, ಮುಳ್ಳುಕಂಟಿ ಅಡ್ಡ ಇಟ್ಟು ಕೂಡುತ್ತಾರೆ. ಅಧಿಕಾರಿಗಳು ಬರುತ್ತಾರೆ. ‘ಏನ್ ಮಾಡಬೇಕಂತೀರಿ?’ ‘ಹಂಪ್ ಹಾಕಸ್ರಿ ಸಾಹೇಬ್ರ.’ ಎರಡು ದಿನದಲ್ಲಿ ಹಂಪ್ ಬೀಳುತ್ತದೆ. ಬಣ್ಣವಿಲ್ಲ, ಮುಂಚೆ ಎಚ್ಚರಿಸುವ ಫಲಕವಿಲ್ಲ. ರಾತ್ರಿ ಬಂದ ಬೈಕಿನವನು ಅದರ ಮೇಲೇ ಹಾರಿ ಬೀಳುತ್ತಾನೆ. ವಿಜಯಪುರ, ಬಾಗಲಕೋಟೆ ಕಡೆ ಯಾವ ತಾಲ್ಲೂಕಿನಲ್ಲಿ ಕೇಳಿದರೂ ಇಂಥದೊಂದು ಕ್ರಾಸ್ ತೋರಿಸುತ್ತಾರೆ.

ಹಂಪ್ ಕೆಟ್ಟದ್ದೆಂದಲ್ಲ. ಮಂದಿ ಹೇಗೆ ಸಾಯುತ್ತಿದ್ದಾರೆ ಎಂದು ನೋಡದೆಯೇ ಮದ್ದು ಬರೆದುಬಿಡುತ್ತೇವಲ್ಲ, ತೊಂದರೆ ಅಲ್ಲಿದೆ. ನೋಡುವ ಕೆಲಸಕ್ಕೆ ಎಂಜಿನಿಯರ್ ಆಗಿರಬೇಕಿಲ್ಲ. ಪಂಚಾಯಿತಿ ಸದಸ್ಯರು, ಶಾಲೆಯ ಎಸ್‌ಡಿಎಂಸಿ ಸಮಿತಿಯವರು, ಊರಿನ ನಾಲ್ಕು ಹುಡುಗರು ಸೇರಿದರೆ ಆಗುತ್ತದೆ.

ರಸ್ತೆ ಯಾರದು?

ಮೊದಲು ಇದನ್ನು ತಿಳಿದುಕೊಳ್ಳಿ. ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇರುತ್ತದೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕೇಸರಿ ಇದ್ದರೆ ಗ್ರಾಮೀಣ ರಸ್ತೆ. ಸೊಲ್ಲಾಪುರದಿಂದ ವಿಜಯಪುರ, ಕೊಲ್ಹಾರ ದಾಟಿ ಹುಬ್ಬಳ್ಳಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 52. ವಿಜಯಪುರದಿಂದ ಹುನಗುಂದದ ಮೇಲೆ ಹೊಸಪೇಟೆ ಕಡೆ ಹೋಗುವುದು 50. ಕಲ್ಲಿನ ಮೇಲಿನ ಅಂಕಿಯನ್ನೂ ಬರೆದುಕೊಳ್ಳಿ. ‘ಢಾಬಾ ಹತ್ತಿರದ ತಿರುವು’ ಎಂದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತವರಿಗೆ ಏನೂ ತಿಳಿಯುವುದಿಲ್ಲ, ಕಿಲೋಮೀಟರ್ ಲೆಕ್ಕ ತಿಳಿಯುತ್ತದೆ.

ಮೂರು ವರ್ಷದ ಲೆಕ್ಕ

ಮತ್ತೆ ಮತ್ತೆ ಅಪಘಾತವಾಗುವ ಜಾಗಕ್ಕೆ ಬ್ಲ್ಯಾಕ್ ಸ್ಪಾಟ್ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ, ಆದರೆ ಅದಕ್ಕೊಂದು ಅಳತೆ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ 3 ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ 5 ಅಪಘಾತ ನಡೆದಿರಬೇಕು, ಇಲ್ಲವೇ 10 ಮಂದಿ ಸತ್ತಿರಬೇಕು. ಹಳ್ಳಿ ರಸ್ತೆಯಲ್ಲೂ ಇದೇ ಅಳತೆ ಹಿಡಿದು ನೋಡಿ, ಮುಟ್ಟದಿದ್ದರೂ ಬಿಡಬೇಡಿ.

ಲೆಕ್ಕ ಸಿಗುವುದು ಪೊಲೀಸ್ ಠಾಣೆಯಲ್ಲಿ. ಕೇಳುವಾಗ ಕಲಮುಗಳನ್ನು ಸರಿಯಾಗಿ ಹೇಳಬೇಕು. 2024ರ ಜುಲೈ 1ಕ್ಕಿಂತ ಮೊದಲಿನ ಪ್ರಕರಣ ಹಳೆಯ ದಂಡ ಸಂಹಿತೆಯ (ಐಪಿಸಿ) 279, 337, 338, 304ಎ ಅಡಿ ಇರುತ್ತವೆ. ಅಲ್ಲಿಂದೀಚಿನವು ಭಾರತೀಯ ನ್ಯಾಯ ಸಂಹಿತೆಯ 281, 125, 106ರ ಅಡಿ. ಹಳೆ ಕಲಮಷ್ಟೇ ಹಿಡಿದು ಕೇಳಿದರೆ ಈಚಿನ ಸಾವುಗಳೆಲ್ಲ ಲೆಕ್ಕದಿಂದ ಮಾಯವಾಗುತ್ತವೆ. ಪೊಲೀಸರು ಐರ್‍ಯಾಡ್ ಎಂಬ ಆ್ಯಪ್‌ನಲ್ಲಿ ಅಪಘಾತದ ಜಾಗವನ್ನು ಜಿಪಿಎಸ್ ಸಮೇತ ದಾಖಲಿಸುತ್ತಾರೆ, ಆ ಬಿಂದುಗಳನ್ನೂ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಹೆಸರು, ವಿಳಾಸ ನಮಗೆ ಬೇಡ. ದಿನ, ವೇಳೆ, ಜಾಗ, ಯಾವ ಗಾಡಿ, ಯಾವ ಕಡೆಯಿಂದ ಬಂತು, ಏನಾಯಿತು, ಇಷ್ಟು ಸಾಕು.

ಎರಡು ಕಡೆ ಎಚ್ಚರ ಬೇಕು. ಒಂದೇ ಜಾಗವನ್ನು ಒಂದು ಎಫ್‌ಐಆರ್ ಊರಿನ ಕ್ರಾಸ್ ಎನ್ನುತ್ತದೆ, ಇನ್ನೊಂದು ಪೆಟ್ರೋಲ್ ಬಂಕ್ ಎದುರು ಎನ್ನುತ್ತದೆ, ಮತ್ತೊಂದು ಯಾರದೋ ಹೊಲದ ಹತ್ತಿರ ಎನ್ನುತ್ತದೆ. ಮೂರನ್ನೂ ಸೇರಿಸಿದರೆ ಮಾತ್ರ ಬ್ಲ್ಯಾಕ್ ಸ್ಪಾಟ್ ಕಾಣುತ್ತದೆ. ಇನ್ನೊಂದು, ಅಪಘಾತವಾಗಿ 30 ದಿನದೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡರೂ ಅದು ರಸ್ತೆ ಸಾವೇ. ಸೊಲ್ಲಾಪುರಕ್ಕೋ ಮೀರಜಿಗೋ ಒಯ್ದವರ ಗತಿ ಏನಾಯಿತೆಂದು ವಿಚಾರಿಸಿ.

ಠಾಣೆಗೆ ಹೋಗದ ಅಪಘಾತಗಳೂ ಬಹಳ. ಅವು ಪಂಕ್ಚರ್ ಅಂಗಡಿಯವನಿಗೆ, ಚಹಾದಂಗಡಿಯ ಕಾಕಾನಿಗೆ ಗೊತ್ತಿರುತ್ತವೆ. ‘ಎಷ್ಟ್ ಮಂದಿ ಬಿದ್ದಾರ?’ ಎಂದು ಕೇಳಿದರೆ ‘ಲೆಕ್ಕಾ ಇಲ್ಲ ಬಿಡ್ರಿ’ ಎನ್ನುತ್ತಾರೆ. ‘ಕಾಕಾ, ಗಾಡಿ ಯಾವ ಕಡಿಂದ ಬಂದಿತ್ರಿ, ಎಲ್ಲಿ ಬಿತ್ತು ತೋರಸ್ರಿ’ ಎನ್ನಿ. ಎದ್ದು ಬಂದು ಕಾಲಿನಿಂದ ಗೆರೆ ಎಳೆದು ತೋರಿಸುತ್ತಾರೆ.

ಹಾಳೆಯ ಮೇಲೆ ಬಾಣ

ಇಡೀ ಕೆಲಸದ ಜೀವ ಇದು. ದೊಡ್ಡ ಹಾಳೆಯಲ್ಲಿ ರಸ್ತೆ, ಕ್ರಾಸ್, ಬಸ್ ನಿಲ್ಲುವ ಜಾಗ, ಮರ, ಅಂಗಡಿ ಬರೆಯಿರಿ. ಪ್ರತಿ ಅಪಘಾತಕ್ಕೂ ಗಾಡಿ ಬಂದ ದಿಕ್ಕಿನಲ್ಲಿ ಒಂದೊಂದು ಬಾಣ ಎಳೆದು, ಬಾಣಗಳು ಗುದ್ದಿದಲ್ಲಿ ತಿಂಗಳು ಮತ್ತು ವೇಳೆ ಬರೆಯಿರಿ. ರಾತ್ರಿಯದ್ದಕ್ಕೆ ಕಪ್ಪು ಶಾಯಿ, ಹಗಲಿನದ್ದಕ್ಕೆ ಕೆಂಪು. ಸಾವಿಗೆ ತುಂಬಿದ ಚುಕ್ಕೆ, ಗಾಯಕ್ಕೆ ಖಾಲಿ ಚುಕ್ಕೆ.

ಊಹೆಯ ಕ್ರಾಸ್ ಒಂದನ್ನು ತೆಗೆದುಕೊಳ್ಳೋಣ. ಮೂರು ವರ್ಷದಲ್ಲಿ 9 ಅಪಘಾತ. ಬಾಣ ಎಳೆದಾಗ 4 ಹಿಂದಿನಿಂದ ಗುದ್ದಿದವು, ನಾಲ್ಕೂ ರಾತ್ರಿ, ಎಲ್ಲವೂ ಕಬ್ಬು ನುರಿಸುವ ಹಂಗಾಮಿನ ತಿಂಗಳಲ್ಲಿ. ಮುಂದಿದ್ದದ್ದು ಹಿಂಬದಿ ದೀಪವಿಲ್ಲದ ಡಬಲ್ ಟ್ರಾಲಿ. ಇನ್ನು 3, ಸಂಜೆ ಬಸ್ ಇಳಿದು ರಸ್ತೆ ದಾಟುವವರಿಗೆ ಬಡಿದವು. ಉಳಿದ 2 ಊರ ರಸ್ತೆಯಿಂದ ಹೆದ್ದಾರಿ ಏರಿದ ಬೈಕಿನವು.

ಒಂದೇ ಕ್ರಾಸಿನಲ್ಲಿ ಮೂರು ಬೇರೆ ರೋಗಗಳಿವೆ. ಇಲ್ಲಿ ಹೆದ್ದಾರಿಗೆ ಹಂಪ್ ಹಾಕಿದರೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಕತ್ತಲಲ್ಲಿ ಇನ್ನಷ್ಟು ತೆವಳುತ್ತದೆ, ಹಿಂದೆ ಬರುವ ಕಾರಿಗೆ ಗುದ್ದಲು ಇನ್ನಷ್ಟು ಅವಕಾಶ. ಆ ನಾಲ್ಕು ಅಪಘಾತದ ದಾರಿಯನ್ನು ನಾವೇ ಅಗಲ ಮಾಡಿದಂತಾಗುತ್ತದೆ. ರಾಷ್ಟ್ರೀಯ ಹೆದ್ದಾರಿಯ ಹಂಪ್‌ಗಳನ್ನು ತೆಗೆಸಿ ಎಂದು ಸಚಿವಾಲಯ 2016ರಲ್ಲೇ ರಾಜ್ಯಗಳಿಗೆ ಹೇಳಿದ್ದೂ ಸುಮ್ಮನಲ್ಲ.

ಬಾಣಗಳಲ್ಲಿ ಯಾವ ಸಾಮ್ಯವೂ ಕಾಣದಿದ್ದರೆ? ಆಗ ಅದು ಬಹುಶಃ ಆ ಜಾಗದ ದೋಷವಲ್ಲ, ಇಡೀ ರಸ್ತೆಯ ವೇಗದ ಪ್ರಶ್ನೆ.

ಜಾಗಕ್ಕೆ ಹೋಗಿ

ಮೊದಲು ನಿಮ್ಮ ಜೀವ. ಹೊಳೆಯುವ ಜಾಕೆಟ್ ಹಾಕಿಕೊಳ್ಳಿ, ಡಾಂಬರಿನ ಮೇಲೆ ನಿಲ್ಲಬೇಡಿ, ಅಳತೆಯ ಕೆಲಸವನ್ನೆಲ್ಲ ರಸ್ತೆಯ ಅಂಚಿನಿಂದಾಚೆ ಮಾಡಿ.

ವೇಗ ಅಳೆಯಲು ರಾಡಾರ್ ಬೇಡ. ರಸ್ತೆ ಪಕ್ಕ 50 ಮೀಟರ್ ಅಳೆದು ಎರಡು ಗುರುತು ಮಾಡಿ. ಗಾಡಿ ಮೊದಲ ಗುರುತು ದಾಟಿದಾಗ ಒಬ್ಬ ಕೈ ಎತ್ತಲಿ, ಎರಡನೆಯ ಗುರುತಿನ ಹತ್ತಿರ ನಿಂತವನು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಗಾಡಿ ತನ್ನ ಗುರುತು ದಾಟಿದಾಗ ನಿಲ್ಲಿಸಲಿ. 180ನ್ನು ಬಂದ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 3 ಸೆಕೆಂಡಿಗೆ 60, 2 ಸೆಕೆಂಡಿಗೆ 90. ನೂರು ಗಾಡಿ ಅಳೆದು ನಿಧಾನದಿಂದ ಜೋರಿಗೆ ಸಾಲು ಹಚ್ಚಿ, 85ನೆಯದನ್ನು ನೋಡಿ. ಎಂಜಿನಿಯರುಗಳು ನಂಬುವುದು ಆ ಅಂಕಿಯನ್ನು.

ಮುಂದಿನದು ನೋಟ. ಗಂಟೆಗೆ 80 ಕಿಲೋಮೀಟರ್‌ನಲ್ಲಿ ಬರುವ ಗಾಡಿ ನಿಲ್ಲಲು 120 ಮೀಟರ್ ಬೇಕು, 100ರಲ್ಲಿ ಬಂದರೆ 180. ಭಾರತೀಯ ರಸ್ತೆ ಕಾಂಗ್ರೆಸ್ ಇಟ್ಟ ಲೆಕ್ಕ ಇದು. ಚಾಲಕನ ಕಣ್ಣಿನ ಎತ್ತರ, ಅಂದರೆ 1.2 ಮೀಟರ್‌ಗೆ ಬಗ್ಗಿ, ಅಷ್ಟು ದೂರ ಕಾಣುತ್ತದೆಯೇ ನೋಡಿ. ಬಳ್ಳಾರಿ ಜಾಲಿ, ಫ್ಲೆಕ್ಸ್, ನಿಂತ ಟಂಟಂ ಆಟೊ, ಯಾವುದು ಅಡ್ಡ ಬರುತ್ತದೆ?

ಇಲ್ಲಿ ನಮ್ಮ ಸೀಮೆಯದೇ ಒಂದು ಮಾತು ಹೇಳಬೇಕು. ಮುಧೋಳ, ಜಮಖಂಡಿ ಕಡೆಯ ತಿರುವುಗಳಲ್ಲಿ ಒಳಬದಿಯ ಹೊಲದಲ್ಲಿ ಕಬ್ಬು ಆಳೆತ್ತರ ನಿಂತಾಗ ಏನೂ ಕಾಣುವುದಿಲ್ಲ, ಕಟಾವಾದ ಮೇಲೆ ಅದೇ ತಿರುವು ಬಯಲಾಗಿಬಿಡುತ್ತದೆ. ಏಪ್ರಿಲ್‌ನಲ್ಲಿ ತಪಾಸಣೆಗೆ ಬಂದವರು ‘ನೋಟ ಚೆನ್ನಾಗಿದೆ’ ಎಂದು ಬರೆದು ಹೋಗುತ್ತಾರೆ. ಎರೆ ಭೂಮಿಯ ರಸ್ತೆಗಳದ್ದು ಬೇರೆ ಕಥೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣಿನಿಂದ ಡಾಂಬರಿನ ಅಂಚು ಎತ್ತರ, ಬದಿಯ ಮಣ್ಣು ತಗ್ಗು. ಎದುರು ಬಸ್ಸಿಗೆ ದಾರಿ ಬಿಡಲು ಇಳಿದ ಬೈಕು ಮರಳಿ ಏರಲಾಗದೆ ಉರುಳುತ್ತದೆ. ಆ ತಗ್ಗನ್ನು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಶಿ ಹಾಕುವುದು, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ರಾತ್ರಿಯೆಲ್ಲ ನಡೆಯುವ ಪಾದಯಾತ್ರಿಗಳು, ಎಲ್ಲಮ್ಮನ ಜಾತ್ರೆಯ ಚಕ್ಕಡಿಗಳು, ಇವನ್ನೆಲ್ಲ ಆಯಾ ಕಾಲದಲ್ಲೇ ನೋಡಬೇಕು. ರಾತ್ರಿ ಒಮ್ಮೆ ಹೋಗದಿದ್ದರೆ ತಪಾಸಣೆ ಅರ್ಧ.

ಯಾವುದಕ್ಕೆ ಯಾವ ಮದ್ದು

ಮತ್ತೆ ಆ ಊಹೆಯ ಕ್ರಾಸಿಗೆ ಬರೋಣ. ಟ್ರಾಲಿಗೆ ಗುದ್ದುವುದಕ್ಕೆ ಮದ್ದು ಇರುವುದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ. ರಿಫ್ಲೆಕ್ಟರ್ ಟೇಪು ಇಲ್ಲದ ಟ್ರಾಲಿಗೆ ತೂಕವಿಲ್ಲ ಎಂದರೆ ಒಂದು ವಾರದಲ್ಲಿ ಸರಿಹೋಗುತ್ತದೆ, ಜೊತೆಗೆ ಕ್ರಾಸಿಗೆ ದೀಪ. ಬಸ್ ಇಳಿಯುವವರಿಗೆ ನಿಲ್ದಾಣವನ್ನು ಕ್ರಾಸಿನ ಬಾಯಿಂದ ಸರಿಸಿ, ಬಸ್ ರಸ್ತೆ ಬಿಟ್ಟು ಒಳಗೆ ನಿಲ್ಲುವಂತೆ ಜಾಗ ಮಾಡಬೇಕು. ಬೈಕಿನವರಿಗಾಗಿ ಹಂಪ್ ಬೇಕೇ ಬೇಕು, ಆದರೆ ಹೆದ್ದಾರಿಗಲ್ಲ, ಹೆದ್ದಾರಿಗೆ ಸೇರುವ ಊರ ರಸ್ತೆಗೆ. ಅದೂ ಅಳತೆ ಪ್ರಕಾರ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಬಿಳಿ ಪಟ್ಟೆ, ಮುಂಚೆ ಫಲಕ. ಹೆದ್ದಾರಿಯಲ್ಲಿ ವೇಗ ತಗ್ಗಿಸಲು ರಂಬಲ್ ಸ್ಟ್ರಿಪ್ (ಗಾಡಿ ಗಡಗಡ ಅಲುಗಿಸುವ ಸಾಲು ಪಟ್ಟಿ), ಕ್ಯಾಟ್ಸ್ ಐ (ರಸ್ತೆಗೆ ಕೂರಿಸಿದ ಹೊಳೆಯುವ ಗುಂಡಿ), ವೇಗಮಿತಿ ಫಲಕ ಕೇಳಿ.

ಜಾಲಿ ಕಡಿಯುವುದು, ಬಣ್ಣ, ಫಲಕ, ಬದಿಯ ಮಣ್ಣು ತುಂಬುವುದು ವಾರಗಳ ಕೆಲಸ. ಸರ್ವಿಸ್ ರಸ್ತೆ, ಅಂಡರ್‌ಪಾಸ್ ವರ್ಷಗಳ ಕೆಲಸ. ಎರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆಯಿರಿ. ಒಂದೇ ಪಟ್ಟಿಯಲ್ಲಿ ಹಾಕಿದರೆ ‘ಅಂಡರ್‌ಪಾಸ್ ಮಂಜೂರಾಗಲಿ’ ಎನ್ನುತ್ತ ಜಾಲಿಯನ್ನೂ ಕಡಿಯುವುದಿಲ್ಲ.

ಅರ್ಜಿ ಎಲ್ಲಿಗೆ

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ ಎಂಜಿನಿಯರ್ ಎಲ್ಲರೂ ಅಲ್ಲೇ ಕೂಡುತ್ತಾರೆ. ಬಾಣದ ನಕ್ಷೆ, ವೇಗದ ಪಟ್ಟಿ, ಹಗಲು ರಾತ್ರಿಯ ಫೋಟೊ, ಎರಡು ಪಟ್ಟಿಯ ಬೇಡಿಕೆ, ಗ್ರಾಮಸಭೆಯ ಠರಾವು, ಒಟ್ಟು ನಾಲ್ಕು ಪುಟ ಮೀರದಿರಲಿ. ಸಭೆಯ ನಡಾವಳಿಯಲ್ಲಿ ಯಾರು, ಯಾವ ದಿನದೊಳಗೆ ಎಂದು ಬರೆಸಿಕೊಳ್ಳಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಬೆದರಿಕೆಯಂತೆ ಬೇಡ, ಅರ್ಜಿಯಲ್ಲಿ ಒಂದು ಸಾಲು ಇರಲಿ.

ಕೆಲಸವಾದ ಮೇಲೆ ಹಾಳೆಯನ್ನು ಕಪಾಟಿಗೆ ಹಾಕಬೇಡಿ. ಮೊದಲ ವರ್ಷ ಅಪಘಾತ ಇಳಿದರೆ ಹಾರ ತುರಾಯಿಗೆ ಅವಸರ ಬೇಡ. ಒಂದು ಕೆಟ್ಟ ವರ್ಷದ ನಂತರ ಏನೂ ಮಾಡದಿದ್ದರೂ ಸಂಖ್ಯೆ ತಾನಾಗಿ ಇಳಿಯುವುದುಂಟು. ಮೂರು ವರ್ಷ ಬಾಣ ಎಳೆಯುತ್ತಿರಿ. ಈ ಕ್ರಾಸಿನಲ್ಲಿ ಮೀಡಿಯನ್ (ರಸ್ತೆ ನಡುವಿನ ವಿಭಜಕ) ಮುಚ್ಚಿದ್ದರೆ, ಅದಕ್ಕೆ ಬೈಕುಗಳು ಮುಂದಿನ ಢಾಬಾದ ಹತ್ತಿರ ಉಲ್ಟಾ ಓಡತೊಡಗಿವೆಯೇ ಎಂಬುದನ್ನೂ ನೋಡಿ. ಹಾಗಿದ್ದರೆ ಮುಂದಿನ 500 ಮೀಟರ್‌ಗೆ ಹೊಸ ಹಾಳೆ ತೆಗೆಯಬೇಕು.