ಬಾಯಿ ಮೂಲಕ ಥೈರಾಯ್ಡ್ ಗಂಟು: ನನ್ನ ಅನುಭವ

"ಬಾಯೊಳಗಿಂದ ಥೈರಾಯ್ಡ್ ತೆಗೀತೀಯಾ? ಕೀವು ತುಂಬ್ಕೊಳ್ಳುತ್ತೆ, ಸುಮ್ನೆ ಕುತ್ತಿಗೆ ತೆರೆದು ಮಾಡಪ್ಪಾ" ಎಂದಿದ್ದರು ನನ್ನ ಹಿರಿಯ ಸರ್ಜನ್ ಒಬ್ಬರು. ಕುತ್ತಿಗೆ ಕೊಯ್ಯದೆ, ಬಾಯೊಳಗಿಂದ ಸ್ಕೋಪ್ (ಕ್ಯಾಮೆರಾ ಕೊಳವೆ) ಹಾಕಿ ಥೈರಾಯ್ಡ್ ಗಂಟು ತೆಗೆದ ನನ್ನ ಕೇಸ್‌ಗಳು ಈಗ ಹತ್ತಿರ ಹತ್ತಿರ 70 ಆಗಿವೆ. ಸೋಂಕು ಕಂಡದ್ದು ಒಂದರಲ್ಲಿ ಮಾತ್ರ, ಅದೂ ಮಾತ್ರೆಯಲ್ಲೇ ವಾಸಿಯಾಯಿತು.

ಥಾಯ್ಲೆಂಡಿನ ಸರ್ಜನ್ ಡಾ. ಅಂಕೂನ್ ಅನುವೋಂಗ್ 2016ರಲ್ಲಿ, ಇದೇ ದಾರಿಯಲ್ಲಿ ಮಾಡಿದ ತಮ್ಮ ಮೊದಲ 60 ರೋಗಿಗಳ ವಿವರ ಪ್ರಕಟಿಸಿದಾಗ ನನಗೆ ಧೈರ್ಯ ಬಂತು. ಕೆಳತುಟಿಯ ಒಳಗೆ ನಡುವೆ 10 ಮಿ.ಮೀ. ಪೋರ್ಟ್ (ಉಪಕರಣ ಒಳಗೆ ಬಿಡುವ ಕೊಳವೆ), ಅಕ್ಕಪಕ್ಕ 5 ಮಿ.ಮೀ.ನ ಎರಡು. ಹೇಳಲು ಇಷ್ಟೇ. ಆದರೆ ಕೈಗೆ ಹತ್ತಲು ನನಗೆ ವರ್ಷ ಹಿಡಿಯಿತು.

ಮೊದಲ ಕೇಸಿಗೆ 5 ಗಂಟೆ. ಪಕ್ಕದ ಪೋರ್ಟ್‌ಗಳನ್ನು ನಡುವಿಗೆ ತೀರಾ ಹತ್ತಿರ ಹಾಕಿದ್ದೆ. ಗದ್ದ, ಕೆಳತುಟಿಗೆ ಸ್ಪರ್ಶ ಕೊಡುವ ಮೆಂಟಲ್ ನರ ಎಳೆದು, ಆಕೆಯ ಗದ್ದ ಮೂರು ತಿಂಗಳು ಜೋಮು ಹಿಡಿದಂತಿತ್ತು. ಈಗ ತುಟಿಯಂಚಿಗೆ, ಹೊರಬದಿಗೆ ಸರಿಸಿ ಹಾಕುತ್ತೇನೆ. ಎರಡನೆಯದರಲ್ಲಿ ಹೊಟ್ಟೆಯ ಲ್ಯಾಪರೋಸ್ಕೋಪಿಯ ಅಭ್ಯಾಸದಲ್ಲೇ, ಒಳಗೆ ಜಾಗ ಮಾಡಲು ತುಂಬುವ ಗ್ಯಾಸ್‌ನ ಒತ್ತಡ ಜಾಸ್ತಿ ಇಟ್ಟೆ, ರೋಗಿಯ ಮುಖವೆಲ್ಲ ಊದಿತು. ಈಗ 6 ಮಿ.ಮೀ. ಪಾದರಸದ ಒತ್ತಡದ ಮೇಲೆ ಬಿಡುವುದಿಲ್ಲ. ಮೂರನೆಯದರಲ್ಲಿ ರಕ್ತ ನಿಲ್ಲದೆ ಕುತ್ತಿಗೆ ತೆರೆಯಬೇಕಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ದುಡ್ಡಿನ ಮಾತು. ಪಿತ್ತಕೋಶಕ್ಕೆ ಬಳಸುವ ಸ್ಕೋಪೇ ಸಾಕು. ನಿಜವಾದ ಖರ್ಚು ಅಲ್ಟ್ರಾಸಾನಿಕ್ ಶಿಯರ್ಸ್‌ದು (ಕಂಪನದಿಂದ ಕತ್ತರಿಸುತ್ತಲೇ ರಕ್ತ ನಿಲ್ಲಿಸುವ ಕತ್ತರಿ). ಅದನ್ನು ಉಳಿಸೋಣ ಎಂದು ನಾಲ್ಕು ಕೇಸ್ ಬರೀ ಬೈಪೋಲಾರ್‌ನಲ್ಲಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಚಿಮಟ) ಮಾಡಿದೆ. ಹೊಗೆ ತುಂಬಿ ಏನೂ ಕಾಣದೆ ಪ್ರತಿಸಲ ಒಂದೊಂದು ಗಂಟೆ ಹೆಚ್ಚಾಯಿತು. ಉಳಿಸಿದ್ದಕ್ಕಿಂತ ಜಾಸ್ತಿ ಥಿಯೇಟರ್ ಬಿಲ್ಲಿಗೇ ಹೋಯಿತು. ನಡುವೆ ಕಂಕುಳಿನ ದಾರಿಯನ್ನೂ ಐದಾರು ಸಲ ನೋಡಿದೆ. ಸುರಂಗ ಉದ್ದ, ಆಚೆ ಬದಿಯ ಲೋಬ್ (ಗ್ರಂಥಿಯ ಇನ್ನೊಂದು ಭಾಗ) ಕೈಗೆ ಸಿಗುವುದೇ ಇಲ್ಲ. ಬಿಟ್ಟೆ.

ಬಾಯಿಂದ ಬಂದರೆ ಎರಡೂ ಬದಿ ಸಮನಾಗಿ ಕಾಣುತ್ತವೆ, ಇದೇ ನನಗೆ ಬಲು ಇಷ್ಟ. ಗ್ರಂಥಿಯ ಮೇಲಿನ ತುದಿಯನ್ನು ಮೊದಲು ಬಿಡಿಸಿಕೊಂಡರೆ, ಧ್ವನಿಪೆಟ್ಟಿಗೆಗೆ ಒಳಹೋಗುವ ಜಾಗದಲ್ಲೇ ದನಿಯ ನರ ಕಾಣಿಸುತ್ತದೆ. ಇಬ್ಬರಿಗೆ ದನಿ ಒಡೆದಿತ್ತು, ಎರಡು ತಿಂಗಳೊಳಗೆ ಸರಿಹೋಯಿತು. ಈಗ ಒಂದು ಬದಿ ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತೇನೆ.

6 ಸೆಂ.ಮೀ. ದಾಟಿದ ಗಂಟಿಗೆ ಈ ದಾರಿ ಹಿಡಿಯುವುದಿಲ್ಲ. ದೊಡ್ಡದನ್ನು, ಗಂಟು ಹೊರತರಲು ಬಳಸುವ ಬ್ಯಾಗಿನೊಳಗೆ ತುಂಡು ಮಾಡಿ ತೆಗೆದರೆ ಪೆಥಾಲಜಿಯವರಿಗೆ ಗಂಟಿನ ಸುತ್ತಲಿನ ಕವಚ ಪೂರ್ತಿ ಸಿಗುವುದಿಲ್ಲ. ಕವಚ ನೋಡಿಯೇ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯಬೇಕಾದ ಫಾಲಿಕ್ಯುಲರ್ ಗಂಟಾದರೆ ಅದು ನಿರಪಾಯವೇ ಅಲ್ಲವೇ ಎಂದು ಹೇಳುವುದೇ ಕಷ್ಟ. 4 ಸೆಂ.ಮೀ.ವರೆಗಿನದು ನನಗೆ ಹೆಚ್ಚಾಗಿ ಇಡಿಯಾಗಿಯೇ ಬರುತ್ತದೆ. ಬ್ಯಾಗನ್ನು ಹೇಗೆ ತಿರುಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಥಿಯೇಟರಿಗೆ ಬನ್ನಿ, ತೋರಿಸುತ್ತೇನೆ.