ಸಿಂಕ್ ಪೈಪ್ ಕಟ್ಟುವುದು ನಿಂತದ್ದು ಹೀಗೆ

ಮಂಗಳೂರಿನ ಕಾವೂರಿನ ನಮ್ಮ ಮನೆಯಿಂದ ದಿನಾ ಮಧ್ಯಾಹ್ನ 30ರ ಆಸುಪಾಸು ಊಟ ಹೊರಗೆ ಹೋಗುತ್ತದೆ. ಕುಚ್ಚಲಕ್ಕಿ ಅನ್ನ, ಕಾಯಿ ಅರೆದ ಸಾಂಬಾರು, ಬಂಗುಡೆಯದ್ದೋ ಬೂತಾಯಿಯದ್ದೋ ಒಂದು ಪದಾರ್ಥ. ಇಷ್ಟೂ ಪಾತ್ರೆ ಬೀಳುವ ಸಿಂಕ್ ಎರಡು ಚಳಿಗಾಲದಿಂದ ಒಮ್ಮೆಯೂ ಕಟ್ಟಿಲ್ಲ, ಕಾರಣ ಅದರ ಪೈಪಿಗೆ ನಾನು ಜೋಡಿಸಿದ ಜಿಡ್ಡು ಹಿಡಿಯುವ ಬಕೆಟ್. "ಇದೆಲ್ಲ ಆಗುವ ಕೆಲಸ ಅಲ್ಲಕ್ಕ" ಎಂದಿದ್ದ ಪ್ಲಂಬರ್ ಈಗ ತಮ್ಮ ಮನೆಗೂ ಇದನ್ನೇ ಜೋಡಿಸಿಕೊಂಡಿದ್ದಾರೆ. ಇನ್ನು ಬರೆಯಬಹುದು ಅನ್ನಿಸಿತು.

ಮೊದಲು ದುಡ್ಡಿನ ಲೆಕ್ಕ. ಪ್ಲಂಬರ್ ಪೈಪಿಗೆ ಸ್ಪ್ರಿಂಗ್ ಹಾಕಿ ಕಟ್ಟಿದ್ದನ್ನು ತೆಗೆಯಲು ಒಂದು ಸಲಕ್ಕೆ 500 ರೂಪಾಯಿ, ಕೆಲವೊಮ್ಮೆ 800 ಆಗುತ್ತಿತ್ತು. ಡಿಸೆಂಬರ್ ಹಿಡಿದು ಫೆಬ್ರವರಿವರೆಗೆ ತಿಂಗಳಿಗೊಮ್ಮೆಯಾದರೂ ಕರೆಸಲೇಬೇಕಿತ್ತು. ಒಂದು ವರ್ಷ ಟೈಲ್ಸ್ ಒಡೆದು ಪೈಪ್ ಬದಲಿಸಲು 7–8 ಸಾವಿರ ಹೋಯಿತು. ಕೊಯ್ದು ತೆಗೆದ ತುಂಡಿನಲ್ಲಿ ಒಂದು ಬೆರಳು ಹೋಗುವಷ್ಟೇ ತೂತು ಉಳಿದಿತ್ತು. ಸುತ್ತಲೂ ಸಾಬೂನಿನ ಬಿಲ್ಲೆಯಂತೆ ಬಿಳೀ ಜಿಡ್ಡು.

ಕಾಸ್ಟಿಕ್ ಸೋಡ ಹಾಕಿದ್ದಾಗ ಎರಡು ವಾರ ನೀರು ಸರಾಗವಾಗಿ ಇಳಿಯಿತು, ಆದರೆ ಅದರ ಕಾವಿಗೆ ಪೈಪಿನ ತಿರುವಿನಲ್ಲಿರುವ ಎಲ್ಬೋ ಸೊಟ್ಟಗಾಗಿ ಸೋರತೊಡಗಿತು. ಅಡುಗೆ ಸೋಡ, ವಿನೆಗರ್ ಎರಡನ್ನೂ ಸುರಿದರೆ ನೊರೆಯೇನೋ ಜೋರಾಗಿ ಬರುತ್ತದೆ. ಆದರೆ ಆಮ್ಲ, ಕ್ಷಾರ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುವುದರಿಂದ ಜಿಡ್ಡು ಇದ್ದಲ್ಲೇ ಇರುತ್ತದೆ. 1 ಪಾಲು ಬೆಲ್ಲ, 3 ಪಾಲು ಹಣ್ಣಿನ ಸಿಪ್ಪೆ, 10 ಪಾಲು ನೀರು ಸೇರಿಸಿ ಮೂರು ತಿಂಗಳು ಕೊಳೆಸಿದ ಎಂಜೈಮ್ ದ್ರಾವಣವನ್ನೂ ಹೊಯ್ದೆ. ವಾಸನೆ ಹೋಯಿತು, ಜಿಡ್ಡು ಹೋಗಲಿಲ್ಲ. ನೆಲ ಒರೆಸಲು ಅದು ಚೆನ್ನಾಗಿದೆ, ಈಗಲೂ ಮಾಡುತ್ತೇನೆ.

ಇನ್ನು ಎಲ್ಲರೂ ಹೇಳುವ ಮದ್ದು ಕುದಿಯುವ ನೀರು. ನಮ್ಮ ಕರಾವಳಿಯ ಅಡುಗೆಮನೆಗೆ ಅದರಷ್ಟು ಕೆಟ್ಟದ್ದು ಬೇರಿಲ್ಲ. ತೆಂಗಿನೆಣ್ಣೆ 24 ಡಿಗ್ರಿ ಹತ್ತಿರವೇ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿ ನೋಡಿದರೆ ಗೊತ್ತಾಗುತ್ತದಲ್ಲ. ಬಿಸಿನೀರು ಅದನ್ನು ಕರಗಿಸಿ ಹತ್ತಡಿ ಆಚೆ, ಕೈ ಎಟುಕದ ನೆಲದಡಿಯ ಪೈಪಿಗೆ ಒಯ್ದು ಅಲ್ಲಿ ಗಟ್ಟಿ ಮಾಡುತ್ತದೆ. ಬಸಿದ ಗಂಜಿ ತೆಳಿಯೂ ಜೊತೆಗೆ ಸೇರಿದರೆ ಕೇಳುವುದೇ ಬೇಡ. ನಾನು ಪಿವಿಸಿ ಚೂರುಗಳನ್ನು ಮೂರು ಬಾಟಲಿಗಳಲ್ಲಿ ಹಾಕಿ ಜನವರಿಯ ರಾತ್ರಿ ಜಗಲಿಯಲ್ಲಿಟ್ಟು ನೋಡಿದೆ. ತೆಂಗಿನೆಣ್ಣೆ, ನೀರು ಇದ್ದದ್ದರಲ್ಲಿ ತೆಳು ಪದರ, ಉಜ್ಜಿದರೆ ಬಂತು. ಸೂರ್ಯಕಾಂತಿ ಎಣ್ಣೆ, ತೆಳಿ ಇದ್ದದ್ದರಲ್ಲಿ ಎಣ್ಣೆ ಹಾಗೇ ತೇಲುತ್ತಿತ್ತು. ತೆಂಗಿನೆಣ್ಣೆ, ತೆಳಿ ಇದ್ದದ್ದನ್ನು ಚಾಕುವಿನಿಂದ ಕೆರೆಯಬೇಕಾಯಿತು.

ಹಾಗಾದರೆ ಎಣ್ಣೆ ಗಟ್ಟಿಯಾಗಲಿ, ಆದರೆ ನನ್ನ ಕೈಗೆ ಸಿಗುವ ಜಾಗದಲ್ಲಿ ಆಗಲಿ ಎಂದು ನಿರ್ಧರಿಸಿದೆ. 20 ಲೀಟರಿನ ಖಾಲಿ ಪೇಂಟ್ ಬಕೆಟ್, ಬಿಗಿ ಮುಚ್ಚಳದ್ದು, ಗೋಡೆಯ ಹೊರಗೆ ನೆರಳಿನಲ್ಲಿ. ಸಿಂಕಿನಡಿಯ ಸುರುಳಿ ಪೈಪನ್ನು ಕಿತ್ತು ನೇರ ಪೈಪ್ ಹಾಕಿದೆ. ಸಿಂಕಿನಿಂದ ಬಕೆಟ್‌ಗೆ ಮೂರಡಿಗಿಂತ ಹೆಚ್ಚಿರಬಾರದು. ಒಳಬರುವ ಪೈಪಿಗೆ ಕೆಳಮುಖ ಎಲ್ಬೋ. ಹೊರಹೋಗುವ ಪೈಪ್ ಅದಕ್ಕಿಂತ ಎರಡು ಇಂಚು ತಗ್ಗಿನಲ್ಲಿ, ಅದಕ್ಕೊಂದು ಟಿ (ಇಂಗ್ಲಿಷಿನ T ಆಕಾರದ ಜೋಡಣೆ), ಟಿಯ ಕಾಲು ಬಕೆಟ್‌ನ ತಳಕ್ಕೆ ನಾಲ್ಕಿಂಚು ಇರುವವರೆಗೆ. ಟಿಯ ಮೇಲ್ಬಾಯಿ ಗಾಳಿಗೆ ತೆರೆದೇ ಇರಬೇಕು. ಜಿಡ್ಡು ಮೇಲೆ, ಕಾಯಿ ಚರಟ ತಳದಲ್ಲಿ, ನಡುವಿನ ನೀರು ಮಾತ್ರ ಹೊರಗಿನ ಚರಂಡಿ ಗುಂಡಿಗೆ, ಅಂದರೆ ಚೇಂಬರಿಗೆ. ಬಂದರಿನ ಅಂಗಡಿಯಲ್ಲಿ ಸಾಮಾನಿಗೆ ಸಾವಿರದ ಒಳಗೇ ಆಯಿತು. ಬಕೆಟ್‌ನ ತೂತು ಸೋರದಂತೆ ಮಾಡಿದ್ದು ನನ್ನದೇ ಉಪಾಯ, ಅದನ್ನು ಇಲ್ಲಿ ಬರೆಯುವುದಿಲ್ಲ.

"ಗಲೀಜನ್ನು ಬಕೆಟ್‌ನಲ್ಲಿ ಸಾಕುವುದಾ ಮಾರಾಯ್ತಿ?" ಎಂದು ಭಾವ ಕೇಳಿದ್ದರು. ಮೊದಲ ವಾರದ ಜಿಡ್ಡನ್ನು ಅವರಿಗೇ ತೋರಿಸಿದೆ, ಅರ್ಧ ಕಿಲೋ ಹತ್ತಿರ ಇದ್ದಿರಬೇಕು.

ಬಕೆಟ್ ಇದ್ದ ಮಾತ್ರಕ್ಕೆ ಸಾಲದು. ಎಣ್ಣೆ ಪಾತ್ರೆಯನ್ನು ಪೇಪರಿನಲ್ಲಿ ಒರೆಸಿದ ಮೇಲೇ ಸಿಂಕಿಗೆ ಹಾಕಬೇಕು, ತೊಳೆಯುವುದು ತಣ್ಣೀರಿನಲ್ಲೇ. ಡಿಶ್‌ವಾಶ್ ಲಿಕ್ವಿಡ್ ಹೆಚ್ಚಾದರೆ ಎಣ್ಣೆ ನೀರಿನಲ್ಲಿ ಬೆರೆತು ಬಕೆಟ್ ದಾಟಿಹೋಗುತ್ತದೆ. ಗಂಜಿ ತೆಳಿ, ಗ್ರೈಂಡರ್ ತೊಳೆದ ನೀರು ಆರಿದ ಮೇಲೆ ತೆಂಗಿನ ಬುಡಕ್ಕೆ. ಮೊದಲು ದನ ಇದ್ದಾಗ ಅದು ಕುಡಿಯುವ ಅಕ್ಕಚ್ಚಿಗೆ ಹೋಗುತ್ತಿದ್ದದ್ದೇ ಇದೆಲ್ಲ.

ವಾರಕ್ಕೊಮ್ಮೆ ಜಿಡ್ಡು ತೆಗೆದ ಮೇಲೆ ಸಿಂಕಿಗೆ ಬಿರಡೆ ಹಾಕಿ ತುಂಬಾ ನೀರು ನಿಲ್ಲಿಸಿ ಒಮ್ಮೆಲೇ ಬಿಡುತ್ತೇನೆ. ತೆಗೆಯುವ ಮೊದಲು ಬಿಟ್ಟರೆ ಜಿಡ್ಡೆಲ್ಲ ಕಲಕಿ ಆಚೆ ಹೋಗುತ್ತದೆ. ಸಣ್ಣಗೆ ಹರಿಯುವ ನೀರು ಪೈಪನ್ನು ತೊಳೆಯುವುದಿಲ್ಲ. 2019ರ ಬೇಸಗೆಯಲ್ಲಿ ಊರಿಗೆಲ್ಲ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿಗೆ ರೇಷನ್ ಬಂದಾಗ ಎಲ್ಲರೂ ನಳ್ಳಿಯನ್ನು ಸಣ್ಣಗೆ ಬಿಟ್ಟೇ ತೊಳೆದೆವು, ಸೆಕೆಯಲ್ಲೂ ಪೈಪ್ ಕಟ್ಟಿತು.

ಹಂದಿ ಮಾಂಸ ಮಾಡುವ ಮನೆಗೆ 20 ಲೀಟರ್ ಸಾಲದು. ಬಿಜೈಯ ಗೆಳತಿ 50 ಲೀಟರಿನ ಡ್ರಮ್ ಇಟ್ಟು ವಾರಕ್ಕೆ ಎರಡು ಸಲ ತೆಗೆಯುತ್ತಾಳೆ. ಮೀನಿನ ಹುರುಪೆಗೆ ಮಾತ್ರ ಡ್ರಮ್ಮಿನ ಹಂಗೇ ಬೇಡ, ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಇಟ್ಟರೆ ಸಾಕು.